ಮನೆಗಾಡಿಯನ್ನು ಮಳೆಗಾಲಕ್ಕೆ ಕಟ್ಟಿಟ್ಟದ್ದು

ಮೊನ್ನೆ ಬೇಳೆಗೆ ಒಗ್ಗರಣೆ ಹಾಕಲು ಎಣ್ಣೆ ಕಾಯಿಸಿಟ್ಟು ಸಾಸಿವೆ ಡಬ್ಬಿಗೆ ಕೈ ಹಾಕಿದೆ. ಸಾಸಿವೆಯ ಕೆಳಗೆ ಮೆತ್ತಗಿನದೇನೋ ಬೆರಳಿಗೆ ತಗುಲಿತು. ಹಲ್ಲಿ ಇರಬೇಕೆಂದು ಗಾಬರಿಯಾಗಿ ಡಬ್ಬಿ ಬಿಟ್ಟುಬಿಟ್ಟೆ. ಸಾಸಿವೆ ಅಡುಗೆಮನೆ ತುಂಬ ಚೆಲ್ಲಿತು, ಒಲೆಯ ಮೇಲೆ ಎಣ್ಣೆ ಹೊಗೆಯಾಡಿತು, ನೆಲದ ಮೇಲೆ ಕರಿಯ ರಬ್ಬರಿನ ಬಿರಡೆಯೊಂದು ಉರುಳುತ್ತ ಹೋಗಿ ಸಿಲಿಂಡರಿನ ಹತ್ತಿರ ನಿಂತಿತು. ಹೆಬ್ಬೆರಳಿನಷ್ಟು ದಪ್ಪ, ನಡುವೆ ಒಂದು ಕಬ್ಬಿಣದ ಉಂಗುರ.

ಮೂರು ತಿಂಗಳ ಹಿಂದೆ ಈ ಬಿರಡೆಗಾಗಿ ನಮ್ಮ ಮನೆಯಲ್ಲಿ ಎರಡು ದಿನ ಮಾತುಕತೆ ನಿಂತಿತ್ತು. ಹಾಸಿಗೆ ಝಾಡಿಸಿದ್ದೆವು, ಕಸದ ಬುಟ್ಟಿ ಬೋರಲು ಹಾಕಿದ್ದೆವು. 'ನಿನ್ನ ಕೈಯಾಗ ಕೊಟ್ಟಿದ್ದೆ' ಎಂದು ನಮ್ಮನೆಯವರು ಆಣೆ ಮಾಡಿ ಹೇಳಿದ್ದರು. ಕೊಟ್ಟೇ ಇಲ್ಲವೆಂದು ನಾನೂ ಅಷ್ಟೇ ಗಟ್ಟಿಯಾಗಿ ಹೇಳಿದ್ದೆ. ಈಗ ನೋಡಿದರೆ ಅವರು ಕೊಟ್ಟಿದ್ದರು, ನಾನು ಜೋಪಾನವಾಗಿರಲೆಂದು ಸಾಸಿವೆಯಲ್ಲಿ ಹೂತಿಟ್ಟಿದ್ದೆ. ಶಾಲೆಯ ಬೀಗದ ಕೈ ಕಳೆದೀತೆಂದು ಅದನ್ನು ಶಾಲೆಯ ಕಪಾಟಿನೊಳಗಿಟ್ಟು, ಬಾಗಿಲೆಳೆದು ಬೀಗ ಒತ್ತಿ ಬಂದ ಹೆಣ್ಣುಮಗಳು ನಾನು. ಮರುದಿನ ಮಕ್ಕಳೆಲ್ಲ ಬೇವಿನ ಮರದ ಕೆಳಗೆ ಕುಳಿತು ಮಗ್ಗಿ ಹೇಳಿದರು. ಬಿರಡೆಯನ್ನು ನಮ್ಮನೆಯವರಿಗೆ ತೋರಿಸಿಲ್ಲ. ತೋರಿಸುವ ವಿಚಾರವೂ ಇಲ್ಲ. ನಿಮಗಷ್ಟೇ ಹೇಳುತ್ತಿದ್ದೇನೆ.

ಬಿರಡೆ ಯಾವುದರದೆಂದು ಹೇಳಬೇಕಾದರೆ ನಮ್ಮ ಮನೆಗಾಡಿಯ ಸುದ್ದಿ ತೆಗೆಯಬೇಕು. ಅದನ್ನು ತೆಗೆದರೆ ನನಗೆ ಸಿಟ್ಟು ಬರುತ್ತದೆ. ಆದರೂ ಹೇಳುತ್ತೇನೆ.

ನಮ್ಮನೆಯವರು ಮೂವತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿದವರು. ಸುರಪುರದಿಂದ ಯಾದಗಿರಿ, ಯಾದಗಿರಿಯಿಂದ ಸುರಪುರ, ನಡುವೆ ಶಹಾಪುರದಲ್ಲಿ ಚಹಾ. ಯಾವಾಗಲಾದರೂ ದೂರದ ರೂಟು ಸಿಕ್ಕರೂ ಊರು ಮುಟ್ಟಿದ ಕೂಡಲೇ ಬಸ್ಸು ತಿರುಗಿಸಬೇಕು. ಹಂಪಿಗೆ ಎಷ್ಟೋ ಸಲ ಜನರನ್ನು ಒಯ್ದಿದ್ದಾರೆ, ತಾವು ನೋಡಿದ್ದು ಮಾತ್ರ ಅಲ್ಲಿಯ ಬಸ್‌ಸ್ಟ್ಯಾಂಡಿನ ಉಪ್ಪಿಟ್ಟು. ನಿವೃತ್ತಿಯಾದ ತಿಂಗಳೇ ಯಾದಗಿರಿಯಲ್ಲಿ ಯಾವುದೋ ಶಾಲೆಯವರು ಮಾರಲಿಟ್ಟಿದ್ದ ಹಳೆಯ ವ್ಯಾನು ತಂದು ಬಾಗಿಲಿಗೆ ನಿಲ್ಲಿಸಿದರು. ಸುರಪುರದ ಖಾಜಾ ಮಿಸ್ತ್ರಿ ಅವರ ಹಳೆಯ ಗೆಳೆಯ. ಇಬ್ಬರೂ ಸೇರಿ ಸೀಟು ಕಿತ್ತು ಹಾಕಿದರು, ಮುಂದೆ ಒಂದು ಹಲಗೆ ಮಂಚ, ಪಕ್ಕದಲ್ಲಿ ಗ್ಯಾಸಿನ ಒಲೆ, ಅಂಗೈಯಗಲದ ಸಿಂಕು, ಸೀಟಿನಡಿಗೆ ನೀರಿನ ಟ್ಯಾಂಕು, ಹಿಂದೆ ನಮ್ಮತ್ತೆಗೆ ಮಲಗಲು ಬಾಗಿಲಿರುವ ಒಂದು ಪುಟ್ಟ ಕೋಲಿ ಮಾಡಿದರು. ನಮ್ಮೂರು ಸಗರದ ಜನ ಅದಕ್ಕೆ ಮನಿಗಾಡಿ ಎಂದು ಹೆಸರಿಟ್ಟರು. ನಾನು ಶಹಾಪುರದ ಶಾಲೆಗೆ ಕಲಿಸಲು ದಿನಾ ಬಸ್ಸಿನಲ್ಲಿ ನಿಂತು ಹೋಗುವವಳು. ಮನೆ ಮುಂದೆ ಇಷ್ಟು ದೊಡ್ಡ ಗಾಡಿ ಇಟ್ಟುಕೊಂಡು ಅಕ್ಕೋರು ಬಸ್ಸಿಗೆ ಯಾಕೆ ನಿಂತಿದ್ದಾರೆಂದು ಕೇಳದವರೇ ಇಲ್ಲ.

ದೀಪಾವಳಿಯಿಂದ ಹೋಳಿಯವರೆಗೆ, ನನಗೆ ರಜೆ ಸಿಕ್ಕಾಗೆಲ್ಲ ತಿರುಗಾಟ. ಅತ್ತೆಯನ್ನು ಒಬ್ಬರೇ ಬಿಡುವಂತಿರಲಿಲ್ಲ, ಎಲ್ಲ ಕಡೆಗೂ ಕರೆದೊಯ್ದೆವು. ಅವರು ಎಲ್ಲ ಕಡೆಗೂ ಬೈಯುತ್ತಲೇ ಬಂದರು. ಗಾಡಿ ಕುಣಿಯುತ್ತದೆ, ಹೊಟ್ಟೆ ತೊಳಸುತ್ತದೆ, ಈ ವಯಸ್ಸಿನಲ್ಲಿ ನನ್ನನ್ನು ಮೂಟೆ ಒಯ್ದಂತೆ ಒಯ್ಯುತ್ತೀರಿ ಎಂದು ಗಾಡಿ ಸಗರದ ಸೀಮೆ ದಾಟುವ ಮೊದಲೇ ಶುರು ಮಾಡುತ್ತಿದ್ದರು. ಬಾದಾಮಿಯಲ್ಲಿ ನಾವು ಗುಡ್ಡ ಹತ್ತಿ ಗುಹೆ ನೋಡಿ ಬಂದೆವು. ಅವರು ಗಾಡಿ ಬಿಟ್ಟು ಕೆಳಗಿಳಿಯಲಿಲ್ಲ. ಕಲ್ಲು ಸಗರದಾಗೂ ಅದಾವ ಎಂದರು. ಇವರಿಗೆ ಈ ಗಾಡಿ ಕಂಡರಾಗದು ಎಂದೇ ನಾನು ತಿಳಿದಿದ್ದೆ. ಆ ಒಂದು ವಿಷಯದಲ್ಲಿ ಅತ್ತೆ ಸೊಸೆ ಒಂದೇ ಕಡೆ ಇದ್ದೇವಲ್ಲ ಎಂದು ಸಮಾಧಾನವೂ ಇತ್ತು.

ತಿರುಗಾಟ ಹೇಗೋ ನಡೆಯುತ್ತದೆ. ಕಷ್ಟವೆಲ್ಲ ನಿಲ್ಲಿಸುವುದರಲ್ಲಿದೆ. ನಮ್ಮದು ಎರೆಭೂಮಿ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು, ಮಳೆ ಬಿದ್ದರೆ ಬೆಣ್ಣೆ. ಹೋದ ವರ್ಷ ಮನೆಯ ಪಕ್ಕದ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ, ಬಾಗಿಲೆಳೆದು ಸುಮ್ಮನಾದೆವು. ಜೂನಿನ ಮಿರಗದ ಮಳೆ ಬಿದ್ದದ್ದೇ ಗಾಲಿಗಳು ಅರ್ಧಕ್ಕೆ ಇಳಿದವು. ಶ್ರಾವಣದ ಹೊತ್ತಿಗೆ ಗಾಡಿ ಎಮ್ಮೆ ಕೆಸರಲ್ಲಿ ಕುಳಿತಂತೆ ಹೊಟ್ಟೆಯೂರಿ ಕುಳಿತಿತ್ತು. ಒಳಗೆ ಇಲಿಗಳು ಹಾಸಿಗೆ ಹರಿದು ಅದೇ ಹತ್ತಿಯಲ್ಲಿ ಮರಿ ಹಾಕಿದ್ದವು. ವಾಯರು ಕಡಿದಿದ್ದವು. ನನ್ನ ಎರಡು ಒಳ್ಳೆಯ ದುಪ್ಪಟಿಗಳ ಮೇಲೆ ಹಸಿರು ಬೂಷ್ಟು. ಟ್ರ್ಯಾಕ್ಟರು ತರಿಸಿ ಎಳೆಸುವಾಗ ಅರ್ಧ ಊರು ನೋಡಲು ಬಂದಿತ್ತು. ಬಂದವರಿಗೆಲ್ಲ ಚಹಾ ಮಾಡಿದವಳು ನಾನು.

ಅದು ನಮ್ಮನೆಯವರ ಮನಸ್ಸಿಗೆ ನಾಟಿತು. ಮೂವತ್ತು ವರ್ಷ ರಸ್ತೆಯ ಮೇಲೆ ಒಂದು ನಾಯಿಗೂ ಬಸ್ಸು ತಾಗಿಸದ ಮನುಷ್ಯ, ನಿಂತ ಗಾಡಿಯನ್ನು ಕೆಡಿಸಿಕೊಂಡನಲ್ಲ ಎಂಬ ಮಾತು ಅವರಿವರ ಬಾಯಲ್ಲಿ ಬಂತು. ಈ ವರ್ಷ ಶಾಸ್ತ್ರೋಕ್ತವಾಗಿ ಕಟ್ಟಿಡುತ್ತೇನೆಂದು ಪಣ ತೊಟ್ಟರು.

ಮಳೆಗಾಲಕ್ಕೆ ಮುಂಚೆ ವಸ್ತು ಕಟ್ಟಿಡುವುದು ನಮಗೇನು ಹೊಸತೇ ಹೇಳಿ. ನನ್ನ ತವರು ರಾಮಸಮುದ್ರ. ನಮ್ಮವ್ವ ರೋಹಿಣಿ ಮಳೆ ಸಮೀಪಿಸುತ್ತಲೇ ಇಡೀ ಮನೆಯನ್ನು ಮಲಗಿಸುವ ಏರ್ಪಾಡು ಮಾಡುತ್ತಿದ್ದಳು. ಮಾಳಿಗೆಯ ಮೇಲೆ ಹೊಸ ಸವಳು ಮಣ್ಣು. ಕುಳ್ಳಿನ ಬಣವೆಗೆ ಸುತ್ತಲೂ ಸೆಗಣಿ ಸಾರಿಸಿ, ಮೇಲೆ ಬೆರಳಿಂದ ಗೆರೆ ಎಳೆದು ಚಿತ್ತಾರ. ಜೋಳಕ್ಕೆ ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ, ಗುಮ್ಮಿಯ ಬಾಯಿಗೆ ಮಣ್ಣು ಮೆತ್ತುವುದು. ಬೇವಿನ ಸೊಪ್ಪು ತರುವ ಕೆಲಸ ನನ್ನದು. ಲಂಗದ ತುಂಬ ತುಂಬಿಕೊಂಡು ಬಂದರೆ ಮೈಯೆಲ್ಲ ಕಹಿ, ಆ ಕೈಯಲ್ಲೇ ಬೆಲ್ಲ ತಿಂದರೆ ಬೆಲ್ಲವೂ ಕಹಿ. ಅವ್ವ ಯಾರನ್ನೂ ಕೇಳಲಿಲ್ಲ, ಎಲ್ಲೂ ಬರೆದುಕೊಳ್ಳಲಿಲ್ಲ, ಒಂದು ಕಾಳೂ ಕೆಡಲಿಲ್ಲ. ಇದನ್ನು ನಾನು ನಮ್ಮನೆಯವರಿಗೆ ಹೇಳಿದೆ. ಜ್ವಾಳಕ್ಕ ಇಂಜಿನ್ ಇರಂಗಿಲ್ಲ ಎಂದರು.

ಅವರು ಗುರುವನ್ನು ಹುಡುಕಿಕೊಂಡದ್ದು ಮೊಬೈಲಿನಲ್ಲಿ. ಯಾವುದೋ ಹಿಮದ ದೇಶದ ಒಬ್ಬ ಬಿಳಿ ಗಡ್ಡದ ಮನುಷ್ಯ, ಉಣ್ಣೆ ಟೊಪ್ಪಿಗೆ ಹಾಕಿಕೊಂಡು, ಬಾಯಿಂದ ಹೊಗೆ ಬಿಡುತ್ತ, ತನ್ನ ಮನೆಗಾಡಿಯನ್ನು ಚಳಿಗಾಲಕ್ಕೆ ಹೇಗೆ ಕಟ್ಟಿಡಬೇಕೆಂದು ತೋರಿಸುವ ವಿಡಿಯೋ. ಅಲ್ಲಿ ಆರು ತಿಂಗಳು ಹಿಮ ಬಿದ್ದು ಗಾಡಿಗಳು ಹೂತು ಹೋಗುತ್ತವಂತೆ. ಪೈಪಿನಲ್ಲಿ ಒಂದು ಹನಿ ನೀರು ಉಳಿದರೂ ಅದು ಗಡ್ಡೆಗಟ್ಟಿ ಪೈಪು ಒಡೆಯುತ್ತದಂತೆ. ನಮ್ಮನೆಯವರು ಇದನ್ನು ಮೇ ತಿಂಗಳಲ್ಲಿ, ಬನಿಯನ್ನು ಬಿಚ್ಚಿಟ್ಟು, ತಲೆಗೆ ಒದ್ದೆ ಟವೆಲ್ಲು ಸುತ್ತಿಕೊಂಡು ನೋಡಿದರು. ಆ ದಿನಗಳಲ್ಲಿ ನಮ್ಮ ನಲ್ಲಿಯ ನೀರಿನಲ್ಲಿ ಮಧ್ಯಾಹ್ನ ಚಹಾಪುಡಿ ಹಾಕಿದ್ದರೆ ಚಹಾ ಆಗುತ್ತಿತ್ತು.

ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಅಕ್ಕೋರಾದ ನನಗೆ ಬರಬೇಕಲ್ಲ. ನಾನು ಕಲಿಸುವುದು ಮೂರನೆಯ ತರಗತಿಗೆ. ಮಾವು, ನಾಯಿ, ಚೆಂಡು, ಇವಿಷ್ಟು ಇಂಗ್ಲಿಷಿನಲ್ಲಿ ಚೆನ್ನಾಗಿ ಬರುತ್ತವೆ. ಆ ಟೊಪ್ಪಿಗೆಯವನೋ ಬಿಸಿ ಅನ್ನ ಬಾಯಲ್ಲಿಟ್ಟುಕೊಂಡವನಂತೆ ಮಾತಾಡುತ್ತಿದ್ದ. ಆದರೂ ಗೊತ್ತಿಲ್ಲವೆಂದು ಗಂಡನ ಮುಂದೆ ಹೇಳಲು ಮನಸ್ಸು ಬರಬೇಕಲ್ಲ. ಅವನ ಕೈ ಹೋದ ಕಡೆ ನೋಡಿ ನಾನು ಅರ್ಥ ಹೇಳಿದೆ, ಅವರು ನೋಟ್‌ಬುಕ್ಕಿನಲ್ಲಿ ಬರೆದರು. ನೀರು ಪೂರ್ತಿ ಖಾಲಿ ಮಾಡುವುದು. ಪೈಪಿಗೆ ಗುಲಾಬಿ ಬಣ್ಣದ ಔಷಧಿ ಹಾಕುವುದು. ಬ್ಯಾಟರಿ ಬಿಚ್ಚುವುದು. ಗಾಲಿ ನೆಲದಿಂದ ಮೇಲೆತ್ತುವುದು. ಸಂದುಗೊಂದು ಮುಚ್ಚುವುದು. ಹಾಸಿಗೆ, ಕಾಳು, ಸಕ್ಕರೆ ಒಂದೂ ಒಳಗೆ ಇರಬಾರದು. ಕಡೆಗೆ ಮುಸುಕು ಹಾಕುವುದು.

'ನಮ್ಮೂರಾಗ ನೀರು ಯಾವಾಗ ಗಡ್ಡಿ ಕಟ್ಟಿತ್ತ ಹೇಳ್ರಿ' ಎಂದು ನಾನು ಕೇಳಿದೆ.

'ತಿಳದವ್ರು ಹೇಳ್ಯಾರ. ಒಂದೂ ಬಿಡಂಗಿಲ್ಲ' ಎಂದರು. ಬಸ್ಸಿನಲ್ಲಿ ಬರೆದ ಸೂಚನೆಗಳನ್ನು ಮೂವತ್ತು ವರ್ಷ ಪಾಲಿಸಿದವರು ಅವರೊಬ್ಬರೇ ಇರಬೇಕು.

ಮೊದಲ ದಿನ ನೀರು ತೆಗೆದರು. ಟ್ಯಾಂಕಿನ ಅಡಿಯ ಬಿರಡೆ ಎಳೆದು, 'ಇದನ್ನ ಜ್ವಾಕಿ ಇಡು' ಎಂದು ನನ್ನ ಕೈಗೆ ಕೊಟ್ಟರಂತೆ. ನಾನು ಆಗ ಒಗ್ಗರಣೆ ಹಾಕುತ್ತಿದ್ದೆ ಎಂದು ಈಗ ಗೊತ್ತಾಗುತ್ತಿದೆ.

ಎರಡನೆಯ ದಿನ ಗುಲಾಬಿ ಔಷಧಿ. ಯಾದಗಿರಿಗೆ ಹೋಗಿ ಅಂಗಡಿ ಅಂಗಡಿ ತಿರುಗಿದರು. ಒಂದು ಕಡೆ ಮದುವೆಯಲ್ಲಿ ಚಿಮುಕಿಸುವ ಗುಲಾಬಿ ನೀರು ಕೊಡಲು ಬಂದರಂತೆ. ಕಡೆಗೆ ಗಾಡಿ ಸಾಮಾನಿನ ಅಂಗಡಿಯಲ್ಲಿ ಗುಲಾಬಿ ಬಣ್ಣದ ಒಂದು ಡಬ್ಬಿ ಸಿಕ್ಕಿತು. ಇಂಜಿನ್ನಿನ ರೇಡಿಯೇಟರಿಗೆ ಹಾಕುವುದು. ಇದೇ ಹೌದಾ ಎಂದು ನನಗೆ ಫೋನು ಮಾಡಿ ಕೇಳಿದರು. ಬಣ್ಣ ಗುಲಾಬಿ ಇದ್ದರೆ ಅದೇ ಇರಬೇಕು ಎಂದು ನಾನು, ಮೂರನೆಯ ತರಗತಿಯ ಅಕ್ಕೋರು, ಇಲ್ಲಿಂದಲೇ ಅಪ್ಪಣೆ ಕೊಟ್ಟೆ. ತಂದು ಸಿಂಕಿನ ಪೈಪಿಗೆ ಸುರಿದರು. ನಲ್ಲಿ ತಿರುಗಿಸಿದರೆ ಗುಲಾಬಿ ನೀರು ಬಂತು. ಅಂದು ಅವರ ಮುಖದಲ್ಲಿದ್ದ ಸಂತೋಷ ನಮ್ಮ ಮದುವೆಯ ಫೋಟೋದಲ್ಲೂ ಇಲ್ಲ.

ಮೂರನೆಯ ದಿನ ಗಾಡಿ ಎತ್ತಲು ಸುರಪುರದಿಂದ ಖಾಜಾ ಮಿಸ್ತ್ರಿ ಬಂದರು. ತೆಳ್ಳನೆಯ ಮನುಷ್ಯ, ಮಾತು ಕಡಿಮೆ. ಬಾಯಾರಿ ಬಂದವರು ನೀರು ಕುಡಿಯುವ ಮೊದಲು ಕೈ ತೊಳೆಯಲೆಂದು ಗಾಡಿಯ ನಲ್ಲಿ ತಿರುಗಿಸಿ, ಬಂದ ಬಣ್ಣ ನೋಡಿ, ಪಕ್ಕದಲ್ಲಿದ್ದ ಖಾಲಿ ಡಬ್ಬಿ ನೋಡಿ, ನಲ್ಲಿ ಬಿಗಿಯಾಗಿ ಮುಚ್ಚಿದರು.

'ಡ್ರೈವರ್ ಸಾಬ್, ಇದು ಜಹರ್ ಅದರಿ. ಕುಡಿಯೋ ನೀರಿನ ಪೈಪಿನಾಗ ಹಾಕ್ತಾರೇನ್ರಿ ಯಾರಾದ್ರೂ' ಎಂದರು.

ನಮ್ಮನೆಯವರು ನನ್ನ ಕಡೆ ನೋಡಿದರು. ನಾನು ಬೇವಿನ ಮರದ ಕಡೆ ನೋಡಿದೆ. ಆ ಟೊಪ್ಪಿಗೆಯವನು ತೋರಿಸಿದ್ದು ಬೇರೆಯೇ ಔಷಧಿ, ಕುಡಿಯುವ ನೀರಿನ ಪೈಪಿಗೆಂದೇ ಮಾಡಿದ್ದು. ಅದನ್ನು ಅವನು ಡಬ್ಬಿ ಎತ್ತಿ ಹಿಡಿದು ಎರಡು ಸಲ ಹೇಳಿದ್ದನೆಂದು ಆಮೇಲೆ ನಿಧಾನಕ್ಕೆ ಕೇಳಿದಾಗ ನನಗೇ ತಿಳಿಯಿತು. ಅವತ್ತು ಆ ಮಾತು ಬಂದಾಗ ನಾನು 'ಚಳಿ ಭಾಳ ಅದ ಅಂತಾನ' ಎಂದು ಅರ್ಥ ಹೇಳಿದ್ದೆ.

ಪೈಪು ತೊಳೆಯಬೇಕು, ಒಂದಲ್ಲ ಹತ್ತು ಸಲ. ನಮ್ಮ ಓಣಿಗೆ ಬೇಸಿಗೆಯಲ್ಲಿ ನಲ್ಲಿ ಬರುವುದು ನಾಲ್ಕು ದಿನಕ್ಕೊಮ್ಮೆ. ಕೊಡ ಕೊಡ ಹೊತ್ತು ಟ್ಯಾಂಕಿಗೆ ಸುರಿಯಬೇಕು. ಸುರಿಯಲು ಹೋದರೆ ಟ್ಯಾಂಕಿನ ಅಡಿಗೆ ಬಿರಡೆ ಇಲ್ಲ. ಹೀಗೆ ಬಿರಡೆಯ ಹುಡುಕಾಟ ಶುರುವಾದದ್ದು, ಹೀಗೆ ಎರಡು ದಿನ ಮಾತು ಬಿಟ್ಟದ್ದು. ಮಿಸ್ತ್ರಿ ಕಡೆಗೆ ಒಂದು ಗಜ್ಜರಿ ಕೆತ್ತಿ ಬಟ್ಟೆ ಸುತ್ತಿ ತೂತಿಗೆ ಬಡಿದರು. ತೊಳೆದ ಕೆಟ್ಟ ನೀರನ್ನು ದನ ಕುಡಿದಾವೆಂದು ಹೊಲದಂಚಿಗೆ ಒಯ್ದು ಕುಣಿ ತೋಡಿ ಹಾಕಿ ಮುಚ್ಚಬೇಕಾಯಿತು. ಹೊತ್ತವಳು ನಾನು. ಸೊಂಟ ಹಿಡಿದ ಸಿಟ್ಟಿಗೆ ಗಾಡಿಯನ್ನು ಇಲಿಗಳಿಗೇ ಬಿಟ್ಟುಕೊಡ್ರಿ, ಅವಾದರೂ ಸುಖವಾಗಿರಲಿ ಎಂದು ಹೇಳಿಬಿಟ್ಟೆ. ಎರಡು ದಿನದಲ್ಲಿ ನಾನು ಅವರೊಡನೆ ಆಡಿದ ಮಾತು ಅದೊಂದೇ.

ಕಟ್ಟೆಯ ಮೇಲೆ ಕುಳಿತ ಅತ್ತೆ ಇದನ್ನೆಲ್ಲ ನೋಡುತ್ತಿದ್ದರು. ಎಂಬತ್ತರ ಹತ್ತಿರದವರು. ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ ನಮ್ಮಿಬ್ಬರಿಗೂ ಒಂದೊಂದು ಮಾತು ಹಾಕುವವರು ಆ ದಿನಗಳಲ್ಲಿ ಸುಮ್ಮನಿದ್ದರು. ಬಿಸಿಲಿಗೆ ಸುಸ್ತಾಗಿರಬೇಕೆಂದು ನಾನು ತಿಳಿದೆ.

ಐದನೆಯ ದಿನ ಜಾಕು ಹಾಕಿ ಗಾಡಿ ಎತ್ತಿದರು. ನಾಲ್ಕು ಮೂಲೆಗೆ ಫರಸಿ ಕಲ್ಲುಗಳ ಅಟ್ಟಿ, ಅದರ ಮೇಲೆ ಗಾಡಿ. ಗಾಲಿಗಳನ್ನು ಬಿಚ್ಚಿ ಕಾಳಿನ ಕೋಲಿಗೆ ಸಾಗಿಸಿದರು. ಮಿಸ್ತ್ರಿ ಅಡಿಗೆ ಮಲಗಿ ಪ್ರತಿಯೊಂದು ಕಲ್ಲನ್ನು ಅಲುಗಿಸಿ ನೋಡಿ, ಇನ್ನು ಭೂಮಿ ಕುಸಿದರೂ ಗಾಡಿ ಕುಸಿಯುವುದಿಲ್ಲ ಎಂದರು. ಬ್ಯಾಟರಿ ಬಿಚ್ಚಿದ್ದಾಯಿತು. ಹೊಗೆ ಕೊಳವೆಗೆ ಬಟ್ಟೆ ತುರುಕಿದ್ದಾಯಿತು. ತೂತುಗಳಿಗೆಲ್ಲ ಪಾತ್ರೆ ತಿಕ್ಕುವ ತಂತಿ ತುಂಬಿದ್ದಾಯಿತು. ಬೇವಿನ ಸೊಪ್ಪನ್ನು ನಾನೇ ತಂದು ಮೂಲೆ ಮೂಲೆಗೆ ಹಾಕಿದೆ. ವಿಡಿಯೋದಲ್ಲಿ ಅದಿಲ್ಲ ಎಂದು ನಮ್ಮನೆಯವರು ತಕರಾರು ತೆಗೆದರು, ಮಿಸ್ತ್ರಿ ಇರಲಿ ಬಿಡ್ರಿ ಎಂದರು. ಯಾದಗಿರಿಯಲ್ಲಿ ಅಳತೆ ಕೊಟ್ಟು ಹೊಲಿಸಿದ ನೀಲಿ ತಾಡಪತ್ರಿ ಸಿದ್ಧವಿತ್ತು. ಅದನ್ನು ಮೇಲಿನಿಂದ ಇಳಿಬಿಟ್ಟು ಹಗ್ಗ ಬಿಗಿದರೆ ಮುಗಿಯಿತು. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಹಿಂದಿನ ಕೋಲಿಯ ಹಾಸಿಗೆಯೊಂದು ತೆಗೆಯುವುದಿತ್ತು. ಅದನ್ನು ತರುತ್ತೇನೆಂದು ನಾನು ಒಳಗೆ ಹತ್ತಿದೆ.

ಕೋಲಿಯ ಬಾಗಿಲು ತೆರೆಯಲಿಲ್ಲ. ತಳ್ಳಿದೆ, ಒಳಗಿಂದ ಚಿಲಕ ಹಾಕಿತ್ತು.

ಅತ್ತೆ ಯಾವಾಗ ಹತ್ತಿದ್ದರೋ, ಹೇಗೆ ಹತ್ತಿದ್ದರೋ ಯಾರೂ ನೋಡಿಲ್ಲ. ಬಾಗಿಲು ತೆಗೀರಿ ಎಂದು ಕರೆದೆ. ಮಳೆ ಬರುವಂತಿದೆ, ಮುಸುಕು ಹಾಕಬೇಕು ಎಂದೆ. ಹಾಕ್ರಿ, ನಾ ಬ್ಯಾಡ ಅಂದೆನೇನು ಎಂದು ಒಳಗಿಂದ ಉತ್ತರ ಬಂತು. ನಮ್ಮನೆಯವರು ಬಂದು ಕೂಗಿದರು. ಮಿಸ್ತ್ರಿ ಬಂದು ಮೆತ್ತಗೆ ಕರೆದರು. ಹತ್ತು ನಿಮಿಷ ಹೀಗೇ ಆಯಿತು. ನನ್ನ ಸಹನೆ ಅವತ್ತಿಗೆ ಬೆಳಿಗ್ಗೆಯೇ ಮುಗಿದಿತ್ತು. ಈ ಗಾಡಿಯೆಂದರೆ ನಿಮಗಾಗುತ್ತಿರಲಿಲ್ಲ, ಎರಡು ವರ್ಷ ಬೈದಿರಿ, ಈಗ ಕಟ್ಟಿಡುವ ಹೊತ್ತಿಗೆ ಒಳಗೆ ಹೋಗಿ ಕುಳಿತರೆ ಹೇಗೆ ಎಂದು ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ.

ಚಿಲಕ ಸರಿಯಿತು. ಬಾಗಿಲು ಗೇಣಗಲ ತೆರೆಯಿತು. ಅತ್ತೆ ಹಾಸಿಗೆಯ ಮೇಲೆ ಕಾಲು ಮಡಚಿ ಕುಳಿತಿದ್ದರು.

'ನಾ ಬೈದದ್ದು ಓಡೂದಕ್ಕ. ಓಡೋ ಗಾಡಿ ನನಗ ಬ್ಯಾಡ. ಈಗ ನಿಂತದಲ್ಲ, ಗಾಲಿ ಸುದ್ದಾ ಬಿಚ್ಚೀರಿ. ಇನ್ನ ನಾ ಇಲ್ಲೇ ಇರ್ತೀನಿ' ಎಂದರು.

ಮನೆಯಲ್ಲಿ ನಿನಗೇನು ಕಡಿಮೆಯಾಗಿದೆ ಎಂದು ನಮ್ಮನೆಯವರು ಕೇಳಿದರು. ಆ ಪ್ರಶ್ನೆಯಲ್ಲಿ ಸಿಟ್ಟಿತ್ತು, ನಾಲ್ಕು ಜನ ಕೇಳಿದರೆ ಏನೆಂದುಕೊಂಡಾರು ಎಂಬ ಹೆದರಿಕೆಯೂ ಇತ್ತು. ಅತ್ತೆ ಮಗನ ಮುಖವನ್ನು ನೋಡಲಿಲ್ಲ. ಚಿಲಕದ ಮೇಲೆ ಕೈಯಿಟ್ಟುಕೊಂಡೇ ಹೇಳಿದರು.

'ಕಡಿಮಿ ಏನೂ ಇಲ್ಲಪ್ಪ. ಹದಿನಾಲ್ಕು ವರ್ಷದಕಿ ಈ ಮನಿಗಿ ಬಂದೆ. ಅವತ್ತಿಂದ ಪಡಸಾಲ್ಯಾಗ ಮಲಗೀನಿ. ಒಳಗ ಬರೋರು, ಹೊರಗ ಹೋಗೋರು, ಎಲ್ಲರೂ ನನ್ನ ದಾಟೇ ಹೋಗಬೇಕು. ನಿಮ್ಮಪ್ಪ ತೀರಿದಾಗ ನನಗ ಅಳಾಕ ಒಂದ ಜಾಗ ಸಿಗಲಿಲ್ಲ. ಬಚ್ಚಲಕ್ಕ ಹೋಗಿ ಅತ್ತೆ. ಅದಕ್ಕೂ ತಟ್ಟಿನ ಪರದಿ ಇತ್ತು, ಬಾಗಲ ಇದ್ದಿಲ್ಲ. ಒಳಗಿಂದ ಚಿಲಕ ಹಾಕ್ಕೊಂಡು ಕೂತದ್ದು ಈ ಗಾಡ್ಯಾಗ ಒಂದ.'

ನಾನು ಈ ಮನೆಗೆ ಬಂದು ಮೂವತ್ತು ವರ್ಷವಾಗಿದೆ. ಬಂದ ಮೊದಲ ವಾರದಿಂದ ನಮಗೊಂದು ಕೋಲಿ ಇದೆ, ಅದಕ್ಕೆ ಬಾಗಿಲಿದೆ. ಎರಡನೆಯ ಕೋಲಿಯಲ್ಲಿ ತೊಗರಿ ಚೀಲಗಳಿವೆ, ನನ್ನ ಹಳೆಯ ಉತ್ತರ ಪತ್ರಿಕೆಗಳ ಕಟ್ಟುಗಳಿವೆ, ಅಂದು ಬೆಳಿಗ್ಗೆಯಿಂದ ನಾಲ್ಕು ಗಾಲಿಗಳೂ ಇದ್ದವು. ಪಡಸಾಲೆಯಲ್ಲಿ ಅತ್ತೆಯ ಹೊರಸು. ದಿನಕ್ಕೆ ಎಷ್ಟು ಸಲ ಅದನ್ನು ಬಳಸಿ ಓಡಾಡಿದ್ದೇನೋ. ಬೆಳಗಿನ ಅವಸರದಲ್ಲಿ ಅವರ ಕಾಲಿಗೆ ಎಡವಿ, ಕಾಲು ಒಳಗ ತಗೋರಿ ಎಂದು ಗದರಿದ್ದೂ ಉಂಟು.

ಕಾಳಿನ ಕೋಲಿ ಖಾಲಿ ಮಾಡಿಕೊಡುತ್ತೇನೆ, ಇವತ್ತೇ ಮಾಡುತ್ತೇನೆ ಎಂದು ಹೇಳಿದೆ. ಅತ್ತೆ ತಲೆಯಲ್ಲಾಡಿಸಿದರು. ಅಲ್ಲಿ ದಿನಕ್ಕೆ ಹತ್ತು ಸಲ ನೀವು ಕಾಳಿಗೆ ಬರುತ್ತೀರಿ, ಬರುವವರನ್ನು ತಡೆಯುವುದಾದರೂ ಹೇಗೆ ಎಂದರು. ಅದು ಸಿಟ್ಟಿನ ಮಾತಾಗಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು, ಅಷ್ಟೇ.

ನಮ್ಮನೆಯವರು ಗಾಡಿಯಿಂದಿಳಿದು ಬೇವಿನ ಬೇರಿನ ಮೇಲೆ ಕುಳಿತರು. ಆ ಚಿಲಕ ಅವರೇ ಹಾಕಿಸಿದ್ದು. ಅವ್ವನಿಗಾಗಿ ಅಲ್ಲ, ಕೆಟ್ಟ ರಸ್ತೆಯಲ್ಲಿ ಪ್ಲೈವುಡ್ ಬಾಗಿಲು ಬಡಿದಾಡಿ ಸದ್ದು ಮಾಡುತ್ತದೆಂದು. ಅದನ್ನು ಮಿಸ್ತ್ರಿಗೆ ಅವರೇ ಹೇಳಿದರು. ಹೇಳುವಾಗ ನೋಟ್‌ಬುಕ್ಕನ್ನು ಸುರುಳಿ ಸುತ್ತುತ್ತ, ಬಿಚ್ಚುತ್ತ ಇದ್ದರು. ನಾನು ಪಕ್ಕದಲ್ಲಿ ನಿಂತಿದ್ದೆ. ಎರಡು ದಿನ ಬಿಟ್ಟಿದ್ದ ಮಾತನ್ನು ಯಾರು ಮೊದಲು ಶುರು ಮಾಡಬೇಕೆಂಬುದು ಆಗ ಇಬ್ಬರಿಗೂ ಮರೆತು ಹೋಗಿತ್ತು. ಏನ ಮಾಡೂದು ಎಂದು ಅವರು ನನ್ನನ್ನು ಕೇಳಿದರು. ಮುಸುಕು ಹಿಂದಿನ ಕಡೆ ಕತ್ತರಿಸ್ರಿ ಎಂದೆ.

ಹೊಸ ತಾಡಪತ್ರಿ. ಅಂಗಡಿಯ ಮುಂದೆ ಅರ್ಧ ದಿನ ಕುಳಿತು ಹೊಲಿಸಿಕೊಂಡು ಬಂದದ್ದು. ಅವರು ಒಳಗೆ ಹೋಗಿ ನನ್ನ ಬಟ್ಟೆ ಹೊಲಿಯುವ ಕತ್ತರಿ ತಂದರು. ಬೇರೆ ದಿನವಾಗಿದ್ದರೆ ಆ ಕತ್ತರಿ ಮುಟ್ಟಲು ಬಿಡುತ್ತಿರಲಿಲ್ಲ. ಕೋಲಿಯ ಕಿಟಕಿಯ ಅಳತೆಗೆ, ಹಿಂಬಾಗಿಲ ಅಳತೆಗೆ ತಾವೇ ಕತ್ತರಿಸಿದರು. ಆ ಹೊತ್ತಿಗೆ ದಪ್ಪ ಹನಿಗಳು ಬೀಳತೊಡಗಿದ್ದವು. ಮಿಸ್ತ್ರಿ ಮೇಲೆ ಹತ್ತಿ ಹಗ್ಗ ಬಿಗಿದರು. ಇಳಿದು ಬಂದು ಮುಖ ಒರೆಸಿಕೊಳ್ಳುತ್ತ ನನಗೆ ಹೇಳಿದರು.

'ಅಕ್ಕೋರ, ಮನಷ್ಯಾರು ಇದ್ದಲ್ಲಿ ಇಲಿ ಕಡಿಮಿ, ಬೂಷ್ಟು ಕಡಿಮಿ. ಗಾಡಿಗಿ ಇದು ಚಲೋನ ಆತು ನೋಡ್ರಿ.'

ಆಮೇಲಿನ ಒಂದು ವಾರ ಕಟ್ಟಿಟ್ಟದ್ದನ್ನೆಲ್ಲ ಮತ್ತೆ ಬಿಚ್ಚುವ ಕೆಲಸ. ಮನೆಯಿಂದ ವಾಯರು ಎಳೆದು ಒಂದು ಬಲ್ಬು, ಒಂದು ಫ್ಯಾನು. ಹಿಂಬಾಗಿಲಿಗೂ ಒಳಗಿಂದ ಒಂದು ಚಿಲಕ, ಅದರ ಮುಂದೆ ಉಳಿದ ಫರಸಿಯಲ್ಲಿ ಮೂರು ಮೆಟ್ಟಿಲು, ಹಿಡಿದುಕೊಳ್ಳಲು ಒಂದು ಕಬ್ಬಿಣದ ಸಲಾಕೆ. ತಗಡು ಕಾಯದಿರಲೆಂದು ಮೇಲೆ ತೊಗರಿ ಕಟ್ಟಿಗೆಯ ಚಪ್ಪರ. ಮಧ್ಯಾಹ್ನದ ಝಳಕ್ಕೆ ಒಳಗೆ ಕೂರಬಾರದೆಂದು ನಾನು ಕರಾರು ಹಾಕಿದೆ. ಅದಕ್ಕೆ ಮಾತ್ರ ಅತ್ತೆ ಒಪ್ಪಿ ಮಳೆ ಹಿಡಿಯುವವರೆಗೆ ಕಟ್ಟೆಯ ಮೇಲಿರುತ್ತಿದ್ದರು. ಊರವರು ಸುಮ್ಮನಿದ್ದಾರೆಯೇ. ಮುದುಕಿಯನ್ನು ಮನೆಯಿಂದ ಹೊರಗೆ ಹಾಕಿದಿರಂತಲ್ಲ ಎಂದು ಶಹಾಪುರದ ಬಸ್ಸಿನಲ್ಲಿ ಒಬ್ಬಾಕೆ ನನ್ನ ಮುಖಕ್ಕೇ ಕೇಳಿದಳು. ಶಾಲೆಯಲ್ಲಿ ಕೇಳಿದರು. ಸಂತೆಯಲ್ಲಿ ಕೇಳಿದರು. ಮೊದಮೊದಲು ಎಲ್ಲರಿಗೂ ಬಿಡಿಸಿ ಹೇಳಿದೆ. ಆಮೇಲೆ ಹೌದ್ರಿ ಎನ್ನಲು ಶುರು ಮಾಡಿದೆ, ಅದರಿಂದ ಮಾತು ಬೇಗ ಮುಗಿಯುತ್ತದೆ. ಕಾಳಿನ ಕೋಲಿಯನ್ನೂ ಖಾಲಿ ಮಾಡಿದ್ದೇನೆ. ಅತ್ತೆ ಬೇಕಾದಾಗ ಬರಲಿ ಎಂದು ಚಿಲಕವನ್ನೂ ಹಾಕಿಸಿದ್ದೇನೆ. ಬಂದು ನೋಡಿ, ಬಾಗಿಲು ಎಳೆದು, ಚಿಲಕ ಜಗ್ಗಿ, ಚಲೋ ಅದ ಎಂದು ಹೊಗಳಿ ಹೋದರು. ದೀಪಾವಳಿಗೆ ಗಾಡಿಗೆ ಗಾಲಿ ಹಾಕಬೇಕಲ್ಲ ಎಂದು ನಮ್ಮನೆಯವರು ಆಗಾಗ ಗೊಣಗುತ್ತಾರೆ, ಗಾಡಿಯ ಒಳಗಿಂದ ಚಿಲಕ ಹಾಕುವ ಸದ್ದು ಬರುತ್ತದೆ.

ನಿನ್ನೆ ಶ್ರಾವಣ ಸೋಮವಾರ, ನನಗೆ ಸೂಟಿ. ಬೆಳಗಿನಿಂದ ಜಿಟಿಜಿಟಿ ಮಳೆ. ಬಿಸಿ ರೊಟ್ಟಿ, ಪುಂಡಿಪಲ್ಲೆ ತಟ್ಟೆಗೆ ಹಾಕಿ, ಸೆರಗು ಮುಚ್ಚಿಕೊಂಡು ಗಾಡಿಗೆ ಹೋದೆ. ಹಿಂಬಾಗಿಲು ಮುಚ್ಚಿತ್ತು. ಬೆರಳಿಂದ ಬಡಿದೆ.

'ಯಾರು?'

ಮೂವತ್ತು ವರ್ಷದಲ್ಲಿ ಅತ್ತೆ ನನ್ನನ್ನು ಯಾರೆಂದು ಕೇಳಿದ್ದು ಅದೇ ಮೊದಲು. ನಾನ್ರಿ, ನೀಲಾ ಎಂದೆ. ತಡಿ ಎಂದರು. ಮಳೆಯಲ್ಲಿ ನಿಂತೆ. ಒಳಗೆ ಏನೂ ಸದ್ದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಚಿಲಕ ಸರಿಯಿತು. ಅವರೇನೂ ಕೆಲಸ ಮಾಡುತ್ತಿರಲಿಲ್ಲ. ಹಾಸಿಗೆಯ ಮೇಲೆ ಒಂದು ಸುಕ್ಕಿಲ್ಲ, ಕಿಟಕಿ ತೆರೆದಿತ್ತು, ಬೇವಿನ ಟೊಂಗೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಒಳಗ ಬಾ, ಕೂಡು ಎಂದರು. ನಾನು ಹಾಸಿಗೆಯ ಅಂಚಿಗೆ ಕುಳಿತೆ. ಅವರು ಎದ್ದು ಬಾಗಿಲು ಮುಂದಕ್ಕೆಳೆದು ಚಿಲಕ ಹಾಕಿ ಬಂದು, ತಟ್ಟೆಯಲ್ಲಿದ್ದ ಒಂದು ರೊಟ್ಟಿಯನ್ನು ಮುರಿದು ಅರ್ಧ ನನ್ನ ಕೈಗೆ ಕೊಟ್ಟರು.

ಆಗ ಮನೆಯ ಕಡೆಯಿಂದ ನಮ್ಮನೆಯವರ ಕೂಗು ಕೇಳಿತು. ಚಹಾಪುಡಿ ಎಲ್ಲಿದೆ, ಸಕ್ಕರೆ ಎಲ್ಲಿದೆ, ನೀನೆಲ್ಲಿ ಹೋದೆ ಎಂದು ಒಂದರ ಹಿಂದೆ ಒಂದು. ನಾನು ಏಳಲು ಹೋದೆ. ಅತ್ತೆ ನನ್ನ ಮೊಣಕಾಲ ಮೇಲೆ ಕೈಯಿಟ್ಟರು.

'ಕರೀಲಿ ಬಿಡು. ನೀ ಉಣ್ಣು.'